ದಾರ ತಡೀತೈತಿ

ಭಾನುವಾರ, ಬೆಳಿಗ್ಗೆ 7.10. ಹಳೆಯ ದಿನಚರಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಕೂಡ್ಲಿಗಿಯಲ್ಲಿದ್ದ ಆ ಪಶುವೈದ್ಯರು ಹೊಲಿಗೆಯ ಪ್ರತಿ ಗಂಟನ್ನೂ ಎರಡು ಸಲ ಮೆಲ್ಲಗೆ ಎಳೆದು ನೋಡುತ್ತಿದ್ದರು. ಮೆಕ್ಕೆಜೋಳದ ದಿಂಡು ನುಂಗಿದ ನಮ್ಮ ಕುರಿಕಾವಲಿನ ನಾಯಿಯ ಕರುಳು ಕೊಯ್ದು, ದಿಂಡು ತೆಗೆದು, ಹದಿನಾಲ್ಕು ಹೊಲಿಗೆ ಹಾಕಿದರು. ಎಣಿಸಿದವನು ನಾನೇ.

"ದಾರ ತಡೀತೈತಿ, ಕರುಳು ತಡೀಬೇಕು." ಇದು ಅವರು ಎಲ್ಲರಿಗೂ ಹೇಳುವ ಮಾತು. ಕರಗುವ ದಾರವೂ ವಾರಗಟ್ಟಲೆ ಬಿಗಿಯಾಗಿರುತ್ತದಂತೆ. ಗಾಯ ಮಾತ್ರ ಮೊದಲ ಐದು ದಿನ ತೀರ ಮೆತ್ತಗಂತೆ. "ಅಲ್ಲೀತನಕ ಬರೀ ತಿಳಿಗಂಜಿ ಹಾಕ್ರಿ" ಎಂದಿದ್ದರು.

ನಾಲ್ಕನೆಯ ದಿನ ಭಾನುವಾರ. ಮೈಲಾರಲಿಂಗನ ಎಡೆಯ ಮೊದಲ ತುತ್ತು ನಾಯಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. "ದೇವರ ಎಡಿ, ಏನೂ ಆಗಂಗಿಲ್ಲ" ಎಂದು ಅಜ್ಜಿ ರೊಟ್ಟಿ ಹಾಕಿದಳು.

ಸೋಮವಾರ ನಾಯಿಯ ಹೊಟ್ಟೆ ಊದಿತು. ವೈದ್ಯರು ಮತ್ತೆ ಬಿಚ್ಚಿ ನೋಡಿದರು. ಹದಿನಾಲ್ಕೂ ಗಂಟು ಬಿಗಿಯಾಗಿದ್ದವು, ಕರುಳು ಹರಿದಿತ್ತು. ನಾಯಿ ಮೇಜಿನ ಮೇಲೇ ಸತ್ತಿತು.

ಹೊರಗೆ ಅಜ್ಜಿ ಕೇಳಿದಳು: "ನಾ ಹಾಕಿದ ರೊಟ್ಟಿಯಿಂದ ಹಿಂಗಾತೇನ್ರಿ ಡಾಕ್ಟ್ರೇ?"

ಅವರು ನನ್ನ ಕಡೆ ನೋಡದೆ ಕೈ ಒರೆಸಿಕೊಂಡರು. "ಇಲ್ಲ ಯವ್ವಾ. ನನ್ನ ದಾರ ತಡೀಲಿಲ್ಲ."

"ಆ ಡಾಕ್ಟರ್ ಕೈಗುಣ ಚಲೋ ಇದ್ದಿಲ್ಲ" ಎಂದು ಅಜ್ಜಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಒಮ್ಮೆಯೂ ತಿದ್ದಿಲ್ಲ.

ಅವರಿಗೆ ಎಲ್ಲಿಗೋ ವರ್ಗವಾಯಿತು. ಈಗ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ.