ಪರಿಶೀಲಿಸಿದವರು: ಡಾಕ್ಟರ್ ಪೆನಿಸಿಮಾನಿ

ಲಿತಿಯಾಳಿಗೆ ಊರಿನವರು ಇಟ್ಟ ಹೆಸರು ತಾರೀಖಮ್ಮ. ಸುಮ್ಮನೆ ಇಟ್ಟದ್ದಲ್ಲ. ಟೋಂಗಾ ದ್ವೀಪದೇಶದ ಪಟ್ಟಣದಲ್ಲಿ ನಿದ್ದೆಯ ಆರೋಗ್ಯದ ಬಗ್ಗೆ ಕರಪತ್ರ ಅಚ್ಚು ಹಾಕಿಸುವ ಪುಟ್ಟ ಕಚೇರಿಯೊಂದರಲ್ಲಿ ಅವಳು ಹನ್ನೆರಡು ವರ್ಷದಿಂದ ಸಂಪಾದಕಿ. ಗೊರಕೆ, ಎಳೆಗೂಸು, ಮುದುಕರ ನಿದ್ದೆಗೇಡು, ಯಾವುದರ ಬಗ್ಗೆ ಬರೆದರೂ ಅವಳ ಕಟ್ಟಳೆ ಒಂದೇ. ಪ್ರತಿ ಮಾತಿಗೂ ಆಧಾರ ಬೇಕು. ಕೆಳಗೆ ಪರಿಶೀಲಿಸಿದ ಡಾಕ್ಟರ ಹೆಸರು ಬೇಕು, ತಾರೀಖು ಬೇಕು. ಎರಡು ವರ್ಷಕ್ಕೊಮ್ಮೆ ಮತ್ತೆ ಓದಿಸಬೇಕು, ಹಳತಾದದ್ದನ್ನು ಮುಲಾಜಿಲ್ಲದೆ ವಾಪಸು ತರಿಸಬೇಕು.

ಊರಲ್ಲಿ ಹೆಂಗಸರು ಚಾಪೆ ಹೆಣೆಯಲು ಕೂತಲ್ಲಿಗೂ ಹೋಗಿ ಅದೇ ಪಾಠ. "ಹೆಸರಿಲ್ಲದ ಕಾಗದ ನಂಬಬೇಡಿ. ಮೊದಲು ತಾರೀಖು ನೋಡಿ, ಆಮೇಲೆ ವಿಷಯ ಓದಿ." ಅವರು ಬಿಡುತ್ತಾರೆಯೇ? ಮೀನು ಮಾರುವವನನ್ನು ತಡೆದು, "ಏನಪ್ಪಾ, ಈ ಮೀನನ್ನ ಪರಿಶೀಲಿಸಿದ ಡಾಕ್ಟ್ರು ಯಾರು? ಯಾವ ತಾರೀಖು?" ಎಂದು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ನಗಲಿ ಬಿಡಿ, ನಕ್ಕರೂ ಕಲಿತರಲ್ಲ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಮುದುಕಿ ಕಲೋಲಾಯ್ನೆ. ಅವಳ ಮಗ ಪೆನಿಸಿಮಾನಿಯೇ ಆ ಕಚೇರಿಯ ಮೊದಲ ಡಾಕ್ಟರು.

ಎಳೆಗೂಸಿನ ನಿದ್ದೆಯ ಕರಪತ್ರ ಪರಿಶೀಲಿಸಿದವನು ಅವನೇ. ಕೂಸನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ಬಟ್ಟೆಯ ಸುರುಳಿಯ ಒತ್ತು ಕೊಡಬಹುದು ಎಂದು ಅದರಲ್ಲಿತ್ತು. ಆಗ ದೊಡ್ಡ ದೊಡ್ಡವರೂ ಹಾಗೇ ಹೇಳುತ್ತಿದ್ದರು. ಆ ವರ್ಷವೇ ದೋಣಿ ಮಗುಚಿ ಪೆನಿಸಿಮಾನಿ ಹೋಗಿಬಿಟ್ಟ. ಆಮೇಲೆ ತಿಳಿಯಿತು, ಮಗ್ಗುಲಾದ ಕೂಸು ನಿದ್ದೆಯಲ್ಲೇ ಬೋರಲಾಗಿ ಉಸಿರು ಕಟ್ಟಬಹುದು, ಅಂಗಾತವೇ ಮಲಗಿಸಬೇಕು, ಹತ್ತಿರ ಬಟ್ಟೆ ದಿಂಬು ಏನೂ ಇರಕೂಡದು ಎಂದು. ಲಿತಿಯಾ ಮನೆಮನೆ ತಿರುಗಿ ಹಳೆಯ ಕರಪತ್ರಗಳನ್ನೆಲ್ಲ ವಾಪಸು ತಂದಳು. ಒಂದನ್ನು ಮಾತ್ರ ತರಲಾಗಲಿಲ್ಲ. ಅದು ಕಲೋಲಾಯ್ನೆಯ ಮನೆಯಲ್ಲಿ, ಮಗನ ಫೋಟೋದ ಪಕ್ಕ, ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಹೆತ್ತವಳ ಹತ್ತಿರ ಅದನ್ನು ಯಾವ ಬಾಯಲ್ಲಿ ಕೇಳುವುದು? ಆ ಮನೆಯಲ್ಲಿ ಕೂಸಿಲ್ಲವಲ್ಲ ಎಂದು ಸುಮ್ಮನಾದಳು.

ಹನ್ನೊಂದು ವರ್ಷದ ಮೇಲೆ ಆ ಮನೆಗೆ ಕೂಸು ಬಂತು. ಲಿತಿಯಾಳ ಒಡಹುಟ್ಟಿದ ತಂಗಿ ಲೂಪೆಯ ಮಗಳು, ಮೂರು ವಾರದ್ದು. ಲೂಪೆಯ ಗಂಡನಿಗೆ ಕಲೋಲಾಯ್ನೆ ಸೋದರತ್ತೆ, ಬಾಣಂತನ ಅವಳ ಮನೆಯಲ್ಲೇ. ಟೋಂಗಾದಲ್ಲಿ ಸೋದರತ್ತೆ ಅಂದಮೇಲೆ ಮುಗಿಯಿತು, ಕೂಸಿನ ಹೆಸರಿನಿಂದ ಹಿಡಿದು ಎಲ್ಲ ಅವಳದೇ ಯಜಮಾನಿಕೆ. ತಾಯಿಯ ಕಡೆಯವರಿಗೆ ಅಲ್ಲಿ ಬಾಯಿಯೇ ಇಲ್ಲ.

"ಅಕ್ಕಾ, ನಾನು ಅಂಗಾತ ಮಲಗಿಸಿ ಈಚೆ ಬರೋದೇ ತಡ, ಅತ್ತೆ ಮಗ್ಗುಲು ಮಾಡಿಬಿಡ್ತಾರೆ," ಎಂದಳು ಲೂಪೆ. "ನಿನ್ನೆ ಹೋಗಿ ನೋಡ್ತೀನಿ, ಮುಖ ಚಾಪೇಲಿ ಹುದುಗಿಹೋಗಿತ್ತು. ನನ್ನ ಜೀವ ಬಾಯಿಗೆ ಬಂತು. ಏನಾದ್ರೂ ಮಾಡಕ್ಕ."

ಲಿತಿಯಾ ಹೊಸ ಕರಪತ್ರ ಹಿಡಿದು ಹೋದಳು. ಕಲೋಲಾಯ್ನೆ ಕನ್ನಡಕ ಏರಿಸಿ ಮೊದಲು ಕೆಳಗಿನ ಸಾಲೇ ಓದಿದಳು.

"ಪರಿಶೀಲನಾ ಮಂಡಳಿ. ಮಂಡಳಿ ಅಂದ್ರೆ ಯಾರೇ? ಅಪ್ಪ ಅಮ್ಮ ಇಟ್ಟ ಹೆಸರಿಲ್ವಾ ಅದಕ್ಕೆ?"

"ಮೂರು ಜನ ಡಾಕ್ಟ್ರು ಸೇರಿ ನೋಡಿದ್ದು ಅತ್ತೆ."

"ಮೂರು ಜನ ಇದ್ರೆ ಮೂರು ಹೆಸರು ಹಾಕೋಕೇನು ಕಷ್ಟ? ಹೆಸರಿಲ್ಲದ ಕಾಗದ ನಂಬಬೇಡಿ ಅಂತ ನೀನೇ ಅಲ್ವಾ ಹೇಳಿಕೊಟ್ಟಿದ್ದು? ನನ್ನ ಮಗ ಹೆಸರು ಹಾಕಿದಾನೆ, ನೋಡು ಗೋಡೆ ಮೇಲೆ."

"ಆ ಕಾಗದ ಹಳೇದಾಯ್ತು ಅತ್ತೆ."

"ನನ್ನ ಮಗನೂ ಹಳೇದಾದ್ನಾ?"

ಲಿತಿಯಾ ಎದ್ದು ಬಂದಳು. ಆಸ್ಪತ್ರೆಯ ದಾದಿ ಬಂದು ಹೇಳಿದರೆ, "ನಿನಗೆ ಪಾಠ ಹೇಳಿದವನೇ ನನ್ನ ಮಗ" ಎಂದು ಮುದುಕಿ ಅವಳನ್ನೂ ಕಳಿಸಿದಳು. ಮೂರು ಹೆಸರು ಹಾಕಿ ಎಂದು ಲಿತಿಯಾ ಕಚೇರಿಯಲ್ಲಿ ಅಂಗಲಾಚಿದಳು. "ಮುಂದಿನ ಮುದ್ರಣಕ್ಕೆ ನೋಡೋಣ, ಇನ್ನು ಮೂರು ತಿಂಗಳು," ಎಂದರು ಮೇಲಿನವರು. ಮೂರು ತಿಂಗಳಂತೆ! ಕೂಸು ಅಷ್ಟು ದಿನ ಉಸಿರು ಬಿಗಿಹಿಡಿದು ಕಾಯುತ್ತದೆಯೇ?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಲಿತಿಯಾ ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಮಂಡಳಿ ಎಂಬ ಮಾತು ಅಳಿಸಿ ಡಾಕ್ಟರ್ ಪೆನಿಸಿಮಾನಿ ಎಂದು ಹಾಕಿ ಒಂದೇ ಒಂದು ಪ್ರತಿ ತೆಗೆದಳು. ಅವನು ಬದುಕಿದ್ದರೆ ಅವನೇ ತಿದ್ದುತ್ತಿರಲಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೆ ಓದಿ ನೋಡುವ ಧೈರ್ಯ ಬರಲಿಲ್ಲ. ನೇರ ಬಸ್ಸು ಹತ್ತಿದಳು.

ಮುದುಕಿ ಹೆಸರು ಓದಿದಳು. ಅದರ ಮೇಲೆ ಹೆಬ್ಬೆರಳು ಸವರಿದಳು. ಕಣ್ಣು ತುಂಬಿ ಬಂತು. ಬಾಗಿ ಕೂಸಿನ ಬೆನ್ನಿನ ಸುರುಳಿ ತೆಗೆದು, ಅಂಗಾತ ಮಾಡಿದಳು. ಬಾಗಿಲಲ್ಲಿದ್ದ ಲೂಪೆ ನಿಟ್ಟುಸಿರು ಬಿಟ್ಟಳು. ಆಮೇಲೆ ಕಲೋಲಾಯ್ನೆ ಕಾಗದವನ್ನು ಮತ್ತೆ ಬೆಳಕಿಗೆ ಹಿಡಿದಳು.

"ತಾರೀಖು ಇವತ್ತಿಂದು ಇದೆಯಲ್ಲೇ."

ಹನ್ನೆರಡು ವರ್ಷದ ರೂಢಿ, ಹಾಳಾದ್ದು. ಹೆಸರು ಸುಳ್ಳು ಹಾಕಿದ ಬೆರಳು ತಾರೀಖನ್ನು ಮಾತ್ರ ನಿಜ ಹಾಕಿತ್ತು.

"ಅವನು ಹೋಗಿ ಹನ್ನೊಂದು ವರ್ಷ ಆಯ್ತು," ಎಂದಳು ಮುದುಕಿ, ದನಿ ಏರಿಸದೆ. "ಸತ್ತವನ ಕೈಲಿ ಸುಳ್ಳು ಹೇಳಿಸಿದೆಯಲ್ಲೇ ಲಿತಿಯಾ."

"ಹೆಸರು ಸುಳ್ಳು ಅತ್ತೆ, ತಪ್ಪಾಯ್ತು. ಒಳಗಿರೋ ಮಾತು ನಿಜ. ಕೂಸಿನಾಣೆಗೂ ನಿಜ."

"ಯಾವುದು ನಿಜ, ಯಾವುದು ಸುಳ್ಳು ಅಂತ ಇನ್ನು ನಾನು ಯಾರನ್ನ ಕೇಳಲಿ? ನಿನ್ನನ್ನೇ ಕೇಳ್ತಿದ್ದೆ. ಹೋಗು. ಈ ಮನೆಗೆ ಇನ್ನು ಕಾಗದ ತರಬೇಡ."

ಲಿತಿಯಾ ತಂಗಿಯ ಮುಖ ನೋಡಿದಳು. ಲೂಪೆ ತಲೆ ತಗ್ಗಿಸಿದಳು, ಸೋದರತ್ತೆಯ ಎದುರು ಅವಳಾದರೂ ಏನು ಮಾಡಿಯಾಳು? ಅಂಗಳಕ್ಕೆ ಇಳಿದು ಲಿತಿಯಾ ಕಿಟಕಿಯಿಂದ ನೋಡಿದಳು. ಮುದುಕಿ ಕೂಸನ್ನು ಮೆಲ್ಲಗೆ ಮಗ್ಗುಲು ಮಾಡಿ, ಬೆನ್ನಿಗೆ ಸುರುಳಿ ಒತ್ತಿ, ಅಕ್ಕರೆಯಿಂದ ತಟ್ಟುತ್ತಿದ್ದಳು. ಲಿತಿಯಾ ಕಿಟಕಿಯ ಸರಳು ಹಿಡಿದು ಕೂಸಿನ ಉಸಿರು ಎಣಿಸುತ್ತಾ ನಿಂತಳು.