ಹಗಲು ಬಾಗಿಲು ಹಾಕಿ ಮಾಡಿದ ಐದು ಗ್ರೇಟಿಂಗ್

ಹಾನಗಲ್ಲಿಗೆ ಬಂದ ಮೂರನೇ ದಿನ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತಿದ್ದೆ. ಯಾರೋ ಬಡಿದರು. ತೆಗೆದರೆ ನಾಲ್ಕು ಹೆಂಗಸರು, ಮುಂದೆ ಮನೆಯೊಡತಿ ಗಂಗವ್ವ.

"ಯಾರ ತೀರ್ಕೊಂಡ್ರವಾ ನಿಮ್ಮ ಮನ್ಯಾಗ?"

ಯಾರೂ ಇಲ್ಲ ಎಂದೆ.

"ಮತ್ತ ಹಗಲೊತ್ತಿನ್ಯಾಗ ಬಾಗಲಾ ಯಾಕ ಹಾಕೀ? ನಾವೇನ ಕಳ್ಳರೇನ?"

ಕುಂದಾಪುರದ ನಮ್ಮ ಮನೆಗಳ ನಡುವೆ ಬೇಲಿಯಿದೆ, ಬಾಗಿಲು ಹಾಕಿದರೆ ಕೇಳುವವರಿಲ್ಲ. ಇಲ್ಲಿಯ ಓಣಿ, ನಮ್ಮ ಕಡೆ ಕೇರಿ ಅನ್ನುವುದು, ಗೋಡೆಗೆ ಗೋಡೆ ಅಂಟಿಕೊಂಡದ್ದು. ಮುಚ್ಚಿದ ಬಾಗಿಲೆಂದರೆ ಸಾವು, ಇಲ್ಲವೇ ಸಿಟ್ಟು.

ನನ್ನದು ಇಂಟರ್‌ನೆಟ್ ಕೇಬಲ್ಲಿನ ನೌಕರಿ. ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ತುಂಡಾದರೂ ಹೋಗಿ ಕೂದಲಿನಂಥ ಗಾಜಿನ ಎಳೆ ಬೆಸೆಯಬೇಕು. ಅರ್ಧ ಆಯುಷ್ಯ ಬಸ್ಸಿನಲ್ಲೇ. ರಜೆಯಲ್ಲಿ ನನ್ನದೇ ಹುಚ್ಚು. ಆಫೀಸಿನಲ್ಲಿ ಕೆಟ್ಟು ಮೂಲೆಗೆ ಬಿದ್ದಿದ್ದ ಬೆಸುಗೆ ಯಂತ್ರವನ್ನು ವಿಡಿಯೊ ನೋಡಿ ರಿಪೇರಿ ಮಾಡಿ, ಅದರ ಕಿಡಿಯಿಂದ ಎಳೆಯ ಮೇಲೆ ಅರ್ಧರ್ಧ ಮಿಲಿಮೀಟರಿಗೊಂದು ಗುರುತು ಸುಡುತ್ತೇನೆ. ಆಗ ಒಂದು ಬಣ್ಣದ ಬೆಳಕು ಮಾತ್ರ ಅಲ್ಲಿ ಸೋರಿಹೋಗುತ್ತದೆ. ಇದೇ ಗ್ರೇಟಿಂಗ್. ಐದು ಒಂದೇ ಥರ ಮಾಡಿಕೊಟ್ಟರೆ ತಮ್ಮ ಲ್ಯಾಬಿನಲ್ಲಿ ಕೆಲಸ ಕೊಡುತ್ತೇನೆಂದು ನಮ್ಮೂರ ಕಡೆಯ ಕಾಲೇಜು ಮೇಷ್ಟ್ರೊಬ್ಬರು ಹೇಳಿದ್ದರು.

ಮೊದಲ ಐದೂ ಬೇರೆ ಬೇರೆ ಬಂದವು. ಎಳೆ ಬಿಗಿಯಾಗಿರಲೆಂದು ತೂಗುಬಿಟ್ಟ ಭಾರ ಬದಲಿಸಿದೆ, ಕಿಡಿ ಕಮ್ಮಿ ಮಾಡಿದೆ. ಆಗಲಿಲ್ಲ.

"ಗಾಳಿ ಆಡ್ತಾ ಇದೆಯಾ?" ಎಂದರು ಮೇಷ್ಟ್ರು ಫೋನಿನಲ್ಲಿ.

ಆಡದೆ ಇರುತ್ತದೆಯೇ? ಆವತ್ತಿನಿಂದ ತೆರೆದೇ ಇಟ್ಟ ಬಾಗಿಲಲ್ಲಿ ಒಬ್ಬರು ಚಾ ತರುತ್ತಿದ್ದರು, ಇನ್ನೊಬ್ಬರು ಕೆಟ್ಟ ಮೊಬೈಲು. ಪ್ರತಿಸಲ ಕಿಡಿ ಅಲುಗುತ್ತಿತ್ತು. ಆದರೆ ಕುಚ್ಚಲಕ್ಕಿ ಗಂಜಿಯಿಲ್ಲದ ಬೇಸರಕ್ಕೆ ಗಂಗವ್ವನ ಬಿಸಿ ರೊಟ್ಟಿ, ಪುಂಡಿಪಲ್ಯವೇ ಆಸರೆ. "ತಿನ್ನವಾ, ನಿನ್ನ ಎಳೀಗಿಂತಾ ಸಣ್ಣ ಆಗೀದಿ," ಎನ್ನುತ್ತಿದ್ದರು.

ಕೊನೆಗೆ ಹದಿನೈದು ದಿನ ರಜೆ ಹಾಕಿ ಬಾಗಿಲು ಮುಚ್ಚಿದೆ. ಗಾಳಿಯ ವಿಷಯ ಹೇಳಿದೆ, ಗಂಗವ್ವ ಕೇಳಿಸಿಕೊಂಡು ಹೋದರು. ರೊಟ್ಟಿ ನಿಂತಿತು. ಯಾರೂ ಬಡಿಯಲಿಲ್ಲ. ಈ ಸಲ ಕಳಿಸಿದ ಐದೂ ಒಂದೇ ಅಚ್ಚು. ಮುಂದಿನ ತಿಂಗಳು ಬಾ ಎಂದರು ಮೇಷ್ಟ್ರು.

ಬಾಗಿಲು ತೆಗೆದಿಟ್ಟು ಕೂತೆ. ಖುಷಿಪಡುವಷ್ಟೂ ತ್ರಾಣವಿರಲಿಲ್ಲ. ಸಂಜೆ ಗಂಗವ್ವ ಬಂದವರು ಹೊಸ್ತಿಲಲ್ಲೇ ನಿಂತರು.

"ಒಳಗ ಬರಬಹುದೇನ್ರಿ ಮೇಡಮ್ಮಾರ, ಇಲ್ಲಾ ಗಾಳಿ ಆಕ್ಕೈತಿ?"

ಕರೆದು ಕೂರಿಸಿ, ಕೆಲಸ ಸಿಕ್ಕಿದ್ದು ಹೇಳಿ, ಉಳಿದಿದ್ದ ಆರನೇ ಗ್ರೇಟಿಂಗನ್ನು ಪ್ಲಾಸ್ಟಿಕ್ ನಳಿಗೆಯ ಸಮೇತ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲೈತಿ ಗುರ್ತು?"

"ಕಣ್ಣಿಗೆ ಕಾಣಂಗಿಲ್ರಿ."

"ಕಾಣಲಾರದ್ದಕ್ಕ ನಮ್ಮನ್ನ ಹದಿನೈದ ದಿನಾ ಹೊರಗ ನಿಲ್ಲಿಸಿದ್ಯಾ?"

ನಳಿಗೆಯನ್ನು ಅವರ ಕೈಯಲ್ಲೇ ಬಿಟ್ಟು ಚಾ ಇಡಲು ಎದ್ದೆ.

ಹೋಗುತ್ತೇನೆ, ಹೋಗಬೇಕೆಂದೇ ಇಷ್ಟೆಲ್ಲ ಮಾಡಿದ್ದು. ಆ ಲ್ಯಾಬಿಗೆ ಗಾಳಿ, ಧೂಳು ಬಾರದಂತೆ ಒಂದರ ಹಿಂದೊಂದು ಎರಡು ಬಾಗಿಲಂತೆ, ಎರಡೂ ಸದಾ ಮುಚ್ಚಿರುತ್ತವಂತೆ. ಮರುದಿನ ಫೋನಿನಲ್ಲಿ ಮೇಷ್ಟ್ರು ಹೇಳುವಾಗ ಒಳ್ಳೆಯದಾಯಿತು ಎನ್ನಿಸಿತು. ಆಮೇಲೆ ಆ ಎರಡರ ಆಚೆ ಗಂಗವ್ವ ರೊಟ್ಟಿಯ ತಾಟು ಹಿಡಿದು ನಿಂತಂತೆ ಕಂಡು, ಮಾತು ಮುಗಿಸಿ ಫೋನಿಟ್ಟೆ.