ಬ್ಯಾಡಗಿ ಕಾಯಿಯ ಮೇಲೆ ಹಾಕಿದ ತಪ್ಪು

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗಿ ಪಿಯುಸಿ ಓದುತ್ತಿದ್ದೆ. ನಮಗೆ ಕನ್ನಡ ಕಲಿಸುವ ಸರ್‌ಗೆ ಸಿನಿಮಾದ ಹುಚ್ಚು. ಧನುರ್ಮಾಸದಲ್ಲಿ ಮದುವೆಗಳಿಲ್ಲವಾದ್ದರಿಂದ ಹಾವೇರಿಯ ಮದುವೆ ವಿಡಿಯೊದವನು ಖಾಲಿ ಕೂತಿದ್ದ. ಅವನನ್ನು ಎರಡು ದಿನಕ್ಕೆ ಕರೆಸಿ, ನಮ್ಮ ವಯಸ್ಸಿನ ಹುಡುಗರ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರ ಮಾಡುವುದೆಂದು ಸರ್ ನಿಶ್ಚಯಿಸಿದರು.

"ಫೈಟ್ ಇಲ್ಲ, ಹಾಡಿಲ್ಲ. ನೀವು ಹೆಂಗದೀರಿ ಹಂಗ ಇರ್ರಿ, ಸಾಕು," ಎಂದರು.

ಅದೊಂದೇ ನಮಗೆ ಬಾರದ ವಿದ್ಯೆ. ಕ್ಯಾಮೆರಾ ನಮ್ಮ ಕಡೆ ತಿರುಗಿದ ಕೂಡಲೇ ಒಬ್ಬ ಕಾಲರ್ ಎತ್ತುತ್ತಿದ್ದ, ಇನ್ನೊಬ್ಬ ತೋಳು ಮಡಚುತ್ತಿದ್ದ. ನಾನು ಎದೆ ಉಬ್ಬಿಸುತ್ತಿದ್ದೆ. "ಬೀಗರು ಬಂದಂಗ ನಿಂತಾರ ನೋಡ್ರಿ," ಎಂದು ವಿಡಿಯೊದವನು ನಗುತ್ತಿದ್ದ.

ಕಥೆಯಲ್ಲಿ ನಾನು ಪೈಲ್ವಾನನ ಮಗ. ಮೈಕಟ್ಟು ನೋಡಿ ಸರ್ ಆ ಪಾತ್ರ ಕೊಟ್ಟಿದ್ದರು, ಮನೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಮ್ಮಪ್ಪ ನಿಜಕ್ಕೂ ಪೈಲ್ವಾನನೇ. ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ಬೆಳಗ್ಗೆ ಐದಕ್ಕೆ ನನ್ನನ್ನು ಎಬ್ಬಿಸಿ ಗರಡಿಗೆ ಕರೆದೊಯ್ಯುತ್ತಿದ್ದ, ಶನಿವಾರ ಬಂತೆಂದರೆ ಕದರಮಂಡಲಗಿಯ ಆಂಜನೇಯನ ಮುಂದೆ ನಿಲ್ಲಿಸುತ್ತಿದ್ದ. ನನಗೋ ಕುಸ್ತಿ ಎಂದರೆ ಅಂಜಿಕೆ. ಕಣಕ್ಕಿಳಿಯುವ ಮುನ್ನ ಎರಡು ಸಲ ಚೆಂಬು ಹಿಡಿದು ಓಡುತ್ತಿದ್ದೆ. ಇದು ಅಪ್ಪನಿಗೆ ತಿಳಿದರೆ ನನ್ನ ಕಥೆ ಮುಗಿಯಿತೆಂದು ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಗಂಡಸಾದವನು ಹಾಗೇ ಇರಬೇಕೆಂದು ಯಾರೋ ತಲೆಗೆ ತುಂಬಿದ್ದರು. ಯಾರೋ ಏನು, ಇಡೀ ಊರೇ ತುಂಬಿತ್ತು.

ನನ್ನ ದೃಶ್ಯ ತೆಗೆದದ್ದು ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯ ಅಂಗಳದಲ್ಲಿ, ಮೆಣಸಿನಕಾಯಿಯ ರಾಶಿಯ ಪಕ್ಕ. ಪುಣ್ಯಕ್ಕೆ ಅಪ್ಪ ಪೇಟೆಯ ಇನ್ನೊಂದು ತುದಿಯಲ್ಲಿದ್ದ. ಕಾಡಿಗೆಯಲ್ಲಿ ಮೀಸೆ ಬರೆದುಕೊಂಡ ಗೆಳೆಯನೊಬ್ಬ ಚಿತ್ರದಲ್ಲಿ ನನ್ನ ತಂದೆ. ನಾನು ಆಡಬೇಕಾದ ಮಾತು ಇಷ್ಟೇ: "ಯಪ್ಪಾ, ನನಗ ಕುಸ್ತಿ ಬ್ಯಾಡ. ಅಂಜಿಕಿ ಬರ್ತೈತಿ."

ಮೊದಲ ಸಲ ಗುಡುಗಿದೆ. "ಅಂಜಿಕಿ ಬಂದಂವ ಹಿಂಗ ಒದರ್ತಾನೇನೋ? ಮೆಲ್ಲಕ ಹೇಳು," ಎಂದರು ಸರ್. ಏಳೆಂಟು ಸಲ ಹೀಗೇ ಆಯಿತು. ಕೊನೆಗೆ ಸಾಕಾಗಿ ಮೆಲ್ಲಗೆ ಹೇಳಿದೆ. ಹೇಳಿದ್ದೇ ತಡ, ಅಳು ಬಂತು. ತಡೆಯಲು ಹೋದಷ್ಟೂ ಉಕ್ಕಿ ಬಂತು. ಸರ್ ಕ್ಯಾಮೆರಾ ನಿಲ್ಲಿಸಗೊಡಲಿಲ್ಲ. ಕಾಯಿಯ ತೊಟ್ಟು ಬಿಡಿಸುತ್ತಿದ್ದ ಮುದುಕಿಯೊಬ್ಬಳು, "ಅಯ್ಯ, ಕೂಸಿನ ಕಣ್ಣಿಗೆ ಖಾರ ಹತ್ತೇತಿ, ನೀರು ಕೊಡ್ರೋ," ಎಂದು ಕೂಗಿದಳು.

"ಹೌದಬೇ, ಖಾರ," ಎಂದೆ ನಾನು. ಗೆಳೆಯರು ನಂಬಿದರು. ಬ್ಯಾಡಗಿಯಲ್ಲಿ ಆ ನೆಪಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ.

ತಿಂಗಳ ಮೇಲೆ ಕಾಲೇಜಿನಲ್ಲಿ ಬಾಡಿಗೆಯ ಟಿವಿ, ವಿಸಿಆರ್ ತರಿಸಿ ಚಿತ್ರ ತೋರಿಸಿದರು. ಮನೆಯವರನ್ನೂ ಕರೆದಿದ್ದರು. ನಾನು ಅಪ್ಪನಿಗೆ ಹೇಳಿರಲಿಲ್ಲ. ಪೇಟೆಯಲ್ಲಿ ಯಾರೋ ಹೇಳಿದರಂತೆ, ಇಸ್ತ್ರಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತ. ನನ್ನ ಮುಖ ಟಿವಿಯಲ್ಲಿ ಬಂದಾಗ ನಾನು ಅಪ್ಪನ ಬೆನ್ನನ್ನೇ ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ.

ಮುಗಿದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದೆವು. ಅಪ್ಪ ಚಹಾ ಕೊಡಿಸಿದ. ನನಗೇ ತಡೆಯಲಾಗಲಿಲ್ಲ.

"ಯಪ್ಪಾ, ಅವತ್ತು ಕಣ್ಣಿಗೆ ಖಾರ ಹತ್ತಿತ್ತು."

"ಮೂವತ್ತು ವರ್ಷ ಆ ಕಾಯಾಗ ನಿಂತೇನಿ," ಎಂದ. "ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗೇತಲೇ, ಖಾರಕ್ಕಲ್ಲ. ಸೀನಸ್ತೈತಿ. ಹಂಗ ಅಳಸೂದಿಲ್ಲ."

ಏಟು ಬಿತ್ತೆಂದು ಕೆನ್ನೆ ಗಟ್ಟಿ ಮಾಡಿಕೊಂಡೆ. ಅಪ್ಪ ಗ್ಲಾಸು ಕೆಳಗಿಟ್ಟ.

"ಕಾಡಿಗಿ ಮೀಸಿ ಹುಡುಗನ ಮುಂದ ಹೇಳೀದಿ. ಊರ ಮಂದಿಗೆಲ್ಲ ಹೇಳೀದಿ. ನನಗೊಬ್ಬಂವಗ ಹೇಳಾಕ ಆಗಲಿಲ್ಲೇನಲೇ?"

ನಾನು ಕುಸ್ತಿಗಿಂತ ಹೆಚ್ಚು ಅಂಜುತ್ತಿದ್ದುದು ಅಪ್ಪನಿಗೇ ಎಂಬುದು ಆ ಹೊತ್ತಿಗೆ ಅವನಿಗೆ ತಿಳಿದುಹೋಗಿತ್ತು. ಬಸ್ಸು ಬಂತು. ಅಪ್ಪ ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ನನಗಾಗಿ ಟವೆಲ್ ಹಾಕಿದ.